ಎಗ್ರೆಮಾಂಟ್ ಕ್ರ್ಯಾಬ್ ಫೇರ್: ಸೇಬು ಹಿಡಿಯುವುದು, ಮೂತಿ ತಿರುಚುವುದು

ಎಗ್ರೆಮಾಂಟ್ ಇರುವುದು ಇಂಗ್ಲೆಂಡಿನ ವಾಯವ್ಯ ಅಂಚಿನ ಕಂಬ್ರಿಯಾದಲ್ಲಿ. ಮೂರನೇ ಹೆನ್ರಿ ದೊರೆ 1267ರಲ್ಲಿ ಇಲ್ಲಿ ಸಂತೆ, ಜಾತ್ರೆ ನಡೆಸಲು ಸನ್ನದು ಕೊಟ್ಟ. ಈಗ ಸೆಪ್ಟೆಂಬರಿನ ಮೂರನೇ ಶನಿವಾರ ಜಾತ್ರೆಯ ದೊಡ್ಡ ದಿನ. ಊರಿಗೆ ರೈಲಿಲ್ಲ, ವೈಟ್‌ಹೇವನ್ ಅಥವಾ ಸೇಂಟ್ ಬೀಸ್‌ನಲ್ಲಿ ಇಳಿದು ಬಸ್ಸೋ ಟ್ಯಾಕ್ಸಿಯೋ ನೋಡಿಕೊಳ್ಳಬೇಕು. ಆ ವರ್ಷದ ಕಾರ್ಯಕ್ರಮ ಪಟ್ಟಿ ನೋಡಿಯೇ ಹೊರಡಿ. ಕಡಲ ಕಡೆಯಿಂದ ಮಳೆ ಯಾವಾಗ ಬೇಕಾದರೂ ಬರುತ್ತದೆ, ಮಳೆಕೋಟು ಇರಲಿ. ಜನಜಂಗುಳಿಯಲ್ಲಿ ಕೊಡೆ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ.

ಇಲ್ಲಿ ಕ್ರ್ಯಾಬ್ ಎಂದರೆ ಏಡಿಯಲ್ಲ, ಹುಳಿ ಕಾಡುಸೇಬು. ಹಿಂದೆ ಊರಿನ ಜಹಗೀರುದಾರ ಜನರಿಗೆ ಹಂಚುತ್ತಿದ್ದುದು ಅದನ್ನೇ. ಈಗಲೂ ಸೇಬಿನ ಗಾಡಿ ಮೇನ್ ಸ್ಟ್ರೀಟ್‌ನಲ್ಲಿ ಸಾಗುತ್ತದೆ, ಮೇಲಿದ್ದವರು ಎರಡೂ ಬದಿಗೆ ಸೇಬು ಎಸೆಯುತ್ತಾರೆ. ನಮ್ಮಲ್ಲಿ ಭಕ್ತರು ತೇರಿಗೆ ಬಾಳೆಹಣ್ಣು ಎಸೆಯುತ್ತಾರಲ್ಲ, ಇಲ್ಲಿ ಅದು ತಿರುಗುಮುರುಗು. ಈಗಿನವು ತಿನ್ನುವ ಸೇಬುಗಳು, ಅಂದರೆ ದಪ್ಪ, ತೂಕದವು. ಆದ್ದರಿಂದ ಕಣ್ಣು ಗಾಡಿಯ ಮೇಲೇ ಇರಲಿ, ಫೋನಿನ ಮೇಲಲ್ಲ. ಎರಡೂ ಕೈ ಬೊಗಸೆ ಮಾಡಿ, ಹಣ್ಣು ಬಂದ ವೇಗಕ್ಕೆ ತಕ್ಕಂತೆ ಹಿಂದಕ್ಕೆ ಎಳೆದುಕೊಂಡು ಹಿಡಿಯಿರಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಡಿ. ನೆಲಕ್ಕೆ ಬಿದ್ದ ಹಣ್ಣಿಗೆ ಗಾಡಿ ಮುಂದೆ ಹೋಗುವವರೆಗೂ ಬಗ್ಗಬೇಡಿ.

ಕಂಬರ್‌ಲ್ಯಾಂಡ್ ಕುಸ್ತಿ ಇದ್ದರೆ ತಪ್ಪಿಸಿಕೊಳ್ಳಬೇಡಿ. ಇಬ್ಬರೂ ಒಬ್ಬರ ಬಲ ಹೆಗಲ ಮೇಲೆ ಇನ್ನೊಬ್ಬರು ಗಲ್ಲವಿಟ್ಟು, ಎದುರಾಳಿಯ ಬೆನ್ನ ಹಿಂದೆ ತಮ್ಮ ಬೆರಳಿಗೆ ಬೆರಳು ಕೊಕ್ಕೆ ಹಾಕಿ ನಿಲ್ಲುತ್ತಾರೆ. ಎದುರಾಳಿ ಇನ್ನೂ ಹಿಡಿದಿರುವಾಗ ಕೊಕ್ಕೆ ಬಿಚ್ಚಿದವರು ಸೋತಂತೆ. ಪಾದ ಬಿಟ್ಟು ಮೈಯ ಬೇರಾವ ಭಾಗ ನೆಲ ಮುಟ್ಟಿದರೂ ಸೋಲೇ. ಹೊಸಬರು ತೋಳು ನೋಡುತ್ತಾರೆ, ಆಟ ನಡೆಯುವುದು ಮಾತ್ರ ಕಾಲಲ್ಲಿ. ನಾಯಿಗಳ ಓಟ, ಅಂದರೆ ಹೌಂಡ್ ಟ್ರೇಲ್, ಇದ್ದರೆ ಮುಕ್ತಾಯದ ಗೆರೆಯ ಹತ್ತಿರ ನಿಲ್ಲಿ. ಸೋಂಪಿನ ಎಣ್ಣೆ, ಸೀಮೆಎಣ್ಣೆ ಬೆರೆಸಿ ಅದ್ದಿದ ಬಟ್ಟೆಯನ್ನು ಗುಡ್ಡದ ಮೇಲೆ ಎಳೆದುಕೊಂಡು ಹೋಗಿರುತ್ತಾರೆ, ನಾಯಿಗಳು ಆ ವಾಸನೆ ಹಿಡಿದು ಬರುತ್ತವೆ. ಕೊನೆಯಲ್ಲಿ ಮಾಲೀಕರು ಊಟದ ಬಟ್ಟಲು ಹಿಡಿದು, ಸಿಳ್ಳೆ ಹಾಕಿ ಕೂಗುವುದೇ ಒಂದು ನೋಟ. ಕೊಬ್ಬು ಸವರಿದ ಎತ್ತರದ ಕಂಬ ಹತ್ತುವ ಆಟ ಮಾತ್ರ ವಿಮೆಯ ಖರ್ಚಿಗೆ ಹೆದರಿ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಅದು ನಿಜಕ್ಕೂ ನಷ್ಟ.

ಸಂಜೆಯ ಗರ್ನಿಂಗ್, ಅಂದರೆ ಮೂತಿ ತಿರುಚುವ ಸ್ಪರ್ಧೆ, ಈ ಜಾತ್ರೆಯ ಜೀವ. ಕುದುರೆಗೆ ಹಾಕುವ, ಬ್ರಾಫಿನ್ ಎಂಬ ಹೆಸರಿನ ಕೊರಳಪಟ್ಟಿಯಲ್ಲಿ ತಲೆ ತೂರಿಸಿ, ಆದಷ್ಟು ವಿಕಾರವಾಗಿ ಮೂತಿ ತಿರುಚಬೇಕು. ವಿಶ್ವ ಚಾಂಪಿಯನ್ ಪಟ್ಟ ಇಲ್ಲೇ ತೀರ್ಮಾನವಾಗುತ್ತದೆ. ಆನ್ ವುಡ್ಸ್ ಮಹಿಳೆಯರ ಪಟ್ಟವನ್ನು 25ಕ್ಕೂ ಹೆಚ್ಚು ಸಲ ಗೆದ್ದವರು.

ಕನ್ನಡಿ ಮುಂದೆ ಹೀಗೆ ಅಭ್ಯಾಸ ಮಾಡಿ. ಮೊದಲು ಬಾಯಿ ಸ್ವಲ್ಪ ತೆರೆದು ಕೆಳದವಡೆಯನ್ನು ನಿಧಾನವಾಗಿ ಮುಂದಕ್ಕೆ ಜಾರಿಸಿ, ಕೆಳಹಲ್ಲು ಮೇಲಿನ ಹಲ್ಲಿನ ಹೊರಗೆ ಬರಬೇಕು. ಆಮೇಲೆ ಕೆಳದುಟಿಯನ್ನು ಮೇಲ್ದುಟಿಯ ಮೇಲೆ ಹತ್ತಿಸಿ ಮೂಗಿನತ್ತ ಒತ್ತಿ. ಕೆನ್ನೆ ಒಳಗೆ ಎಳೆದುಕೊಳ್ಳಿ. ಹುಬ್ಬು, ಕಣ್ಣು ಕೊನೆಗೆ. ಮೊದಲೇ ಅವಕ್ಕೆ ಕೈ ಹಾಕಿದರೆ ಗಮನ ಅಲ್ಲಿಗೆ ಹೋಗಿ ದವಡೆ ಹಿಂದಕ್ಕೆ ಜಾರುತ್ತದೆ. ದವಡೆ ಮೇಲೇರದಂತೆ ತಡೆಯುವುದು ಹಲ್ಲು. ಅದಕ್ಕೇ ಬೊಚ್ಚುಬಾಯಿಯವರಿಗೆ ಇಲ್ಲಿ ಅನುಕೂಲ ಹೆಚ್ಚು, ಕಟ್ಟಿಸಿದ ಹಲ್ಲಿದ್ದರೆ ತೆಗೆದಿಡಿ. ನಾಲ್ಕು ಸಲ ಗೆದ್ದ ಪೀಟರ್ ಜಾಕ್‌ಮನ್ 2000ದಲ್ಲಿ ಹಲ್ಲನ್ನೇ ಕೀಳಿಸಿಕೊಂಡಿದ್ದರು. ಅಷ್ಟು ದೂರ ಹೋಗುವುದು ಬೇಡ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಒಂದು, ನಗು: ನಕ್ಕರೆ ತುಟಿಯ ಮೂಲೆ ಅಗಲಕ್ಕೆ ಎಳೆದು ಮೇಲೆ ಹತ್ತಿಸಿದ ಕೆಳದುಟಿ ಕಳಚಿಬೀಳುತ್ತದೆ. ಸಭಿಕರ ಕಣ್ಣು ನೋಡದೆ ಅವರ ತಲೆಯ ಮೇಲಿನ ಗೋಡೆ ನೋಡಿ. ಎರಡು, ಅವಸರ: ವೇದಿಕೆಗೆ ಬರುವಾಗಲೇ ಸೊಟ್ಟ ಮೂತಿ ಇಟ್ಟುಕೊಂಡು ಬಂದರೆ ಮುಖ ಎಷ್ಟು ಬದಲಾಯಿತು ಎಂಬುದು ಯಾರಿಗೂ ತಿಳಿಯದು. ಸಹಜ ಮುಖ ತೋರಿಸಿ, ಪಟ್ಟಿ ಹೆಗಲ ಮೇಲೆ ಸರಿಯಾಗಿ ಕೂತ ಮೇಲೆ ತಿರುಚಿ, ಹಾಗೇ ಹಿಡಿದುಕೊಂಡು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿ. ದವಡೆಯ ಕೀಲು ಕಟಕಟ ಎನ್ನುವವರು, ಹಿಂದೆ ದವಡೆ ಜಾರಿದವರು ನೋಡುವುದಷ್ಟಕ್ಕೇ ಇರಿ. ಉಳಿದವರೂ ಸ್ನಾಯು ಹಿಡಿದುಕೊಂಡ ಕೂಡಲೇ ಬಿಟ್ಟು, ಕಿವಿಯ ಮುಂದಿನ ಭಾಗವನ್ನು ಬೆರಳಿನಿಂದ ಮೆಲ್ಲಗೆ ತಿಕ್ಕಿಕೊಳ್ಳಿ.