ಪ್ರೆಷರೈಸ್ಡ್ ಸ್ಕೈಮಾಸ್ಟರ್ ಸೋರಿಕೆ ನಿಲ್ಲಿಸಿದ್ದು ಹೀಗೆ: ನನ್ನ ಅನುಭವ

ಕೊನೆಗೂ ನನ್ನ ಸ್ಕೈಮಾಸ್ಟರ್‌ನ (ಮುಂದೊಂದು, ಹಿಂದೊಂದು ಎಂಜಿನ್ ಇರುವ ಸೆಸ್ನಾದ ಚಿಕ್ಕ ವಿಮಾನ) ಕ್ಯಾಬಿನ್‌ನಲ್ಲಿ ಪ್ರೆಷರ್ ಸೋರದೆ ಉಳಿಯುತ್ತಿದೆ. 20,000 ಅಡಿಯಲ್ಲಿ ಹಾರುವಾಗ ಕ್ಯಾಬಿನ್ ಎತ್ತರ, ಅಂದರೆ ಒಳಗಿನ ಒತ್ತಡ ಯಾವ ಎತ್ತರದ ಗಾಳಿಗೆ ಸಮವೋ ಅದು, 10,000 ಅಡಿಯ ಆಸುಪಾಸಿನಲ್ಲೇ ಇದೆ. ಒಂದು ಎಂಜಿನ್‌ನ ಪವರ್ ಇಳಿಸಿದರೂ ಜಾಸ್ತಿ ಏರುವುದಿಲ್ಲ. ಹಳೇ ಪಿ-337 (ಪ್ರೆಷರೈಸ್ಡ್ ಸ್ಕೈಮಾಸ್ಟರ್‌ನ ಮಾದರಿ ಹೆಸರು) ಅಂದ್ರೆ ಸೋರೋದೇ ಎಂದು ಇಲ್ಲಿನ ಕಾನ್ಸಾಸ್ ಹ್ಯಾಂಗರ್‌ಗಳಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ನಿಜವಲ್ಲ.

ಈ ವಿಮಾನದ ಡಿಫರೆನ್ಶಿಯಲ್, ಅಂದರೆ ಒಳಗಿನ-ಹೊರಗಿನ ಒತ್ತಡದ ಗರಿಷ್ಠ ವ್ಯತ್ಯಾಸ, ಬರೀ 3.35 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಸೆಸ್ನಾದ್ದೇ ದೊಡ್ಡ ವಿಮಾನ 421ಸಿಯಲ್ಲಿ 5ರಷ್ಟಿದೆ. ಗಾಳಿ ಕೊಡುವುದು 225 ಎಚ್‌ಪಿ ಎಂಜಿನ್‌ಗಳ ಚಿಕ್ಕ ಟರ್ಬೊಗಳು. ಹಾಗಾಗಿ ಇಲ್ಲಿ ಸೂಜಿ ಗಾತ್ರದ ತೂತೂ ಲೆಕ್ಕಕ್ಕೆ ಬರುತ್ತದೆ. ನಾನು ತಂದಾಗ ಕ್ಯಾಬಿನ್ 14,000ಕ್ಕೆ ಹತ್ತುತ್ತಿತ್ತು.

ಎಲ್ಲರೂ ಬಾಗಿಲನ್ನೇ ದೂರಿದರು. ಸೀಲ್ ಬದಲಾಯಿಸಿದೆವು. ಕೂಲಿ ಸೇರಿ ಹೆಚ್ಚುಕಡಿಮೆ 1,500 ಡಾಲರ್. ಏನೂ ಬದಲಾಗಲಿಲ್ಲ. ಆಮೇಲೆ ಒಂದು ವರ್ಕ್‌ಶಾಪಿನವರು ಔಟ್‌ಫ್ಲೋ ವಾಲ್ವ್ (ಕ್ಯಾಬಿನ್ ಗಾಳಿಯನ್ನು ಹದವಾಗಿ ಹೊರಬಿಡುವ ಕವಾಟ) ಕೆಟ್ಟಿದೆ ಅಂದರು. ಓವರ್‌ಹಾಲ್‌ಗೆ 3,000ಕ್ಕಿಂತ ಮೇಲೆ ಹೋಯಿತು. ಕ್ಯಾಬಿನ್ ಐನೂರು ಅಡಿ ಇಳಿದಿರಬಹುದು, ಅಷ್ಟೇ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಲ್ಲಿಂದ ಮುಂದೆ ನಾನೇ ಹುಡುಕಿದೆ. ಮೊದಲು ಸ್ಟೇಜ್ ಹೊಗೆ ಮಷೀನ್ ತಂದು ಒಳಗೆ ಹೊಗೆ ತುಂಬಿಸಿದೆ. ಹೊಗೆ ಎಲ್ಲ ಕಡೆಯಿಂದಲೂ ಬಂತು, ಎಲ್ಲಿಂದ ಜಾಸ್ತಿ ಅನ್ನುವುದೇ ತಿಳಿಯಲಿಲ್ಲ. ಸೀಟಿನ ಬಟ್ಟೆಗೆ ಹತ್ತಿದ ವಾಸನೆ ಹೋಗಲು ವಾರಗಳೇ ಬೇಕಾದವು. ಕೆಲಸ ಮಾಡಿದ್ದು ಕಿವಿಗೆ ಕೇಳಿಸದ ಸದ್ದು ಹೊರಡಿಸುವ 40 ಕಿಲೋಹರ್ಟ್ಸ್ ಅಲ್ಟ್ರಾಸಾನಿಕ್ ಟ್ರಾನ್ಸ್‌ಮಿಟರ್. ಅದನ್ನು ಕ್ಯಾಬಿನ್‌ನಲ್ಲಿಟ್ಟು ಬಾಗಿಲು ಹಾಕಿ, ಹೊರಗಿನಿಂದ ರಿಸೀವರ್ ಹಿಡಿದು ಸುತ್ತಿದೆ. ಬಾಗಿಲಿನ ಹತ್ತಿರ ಸದ್ದೇ ಇರಲಿಲ್ಲ. ಹಿಂದಿನ ಪ್ರೆಷರ್ ಬಲ್ಕ್‌ಹೆಡ್ (ಕ್ಯಾಬಿನ್‌ನ ಹಿಂಬದಿಯ ಗೋಡೆ) ಹತ್ತಿರ ಹೋದಾಗ ಹೆಡ್‌ಫೋನ್ ಕಿರುಚಿತು.

ಯೋಚಿಸಿದರೆ ಅದು ಸರಿಯೇ ಅಲ್ವಾ? ಹಿಂದಿನ ಎಂಜಿನ್ ಕೂತಿರುವುದೇ ಅಲ್ಲಿ. ಬಿಸಿ, ನಡುಕ ಎರಡೂ ಅಲ್ಲೇ ಜಾಸ್ತಿ. ಕೇಬಲ್, ವೈರ್ ಬಂಡಲ್ ತೂರುವ ಜಾಗಗಳಲ್ಲಿ ಹಳೇ ಸೀಲಂಟ್ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. ಸೀಟು, ಹೊದಿಕೆ ಎಲ್ಲ ಬಿಚ್ಚಿದೆ. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ಎಂಇಕೆ ದ್ರಾವಕ ಹಾಕಿ ಒರೆಸಿ, ಒಳಗಿನಿಂದಲೇ ಪಾಲಿಸಲ್ಫೈಡ್ ಬಿ-2 ಸೀಲಂಟ್ (ಹಚ್ಚಲು ಸುಮಾರು ಎರಡು ಗಂಟೆ ಸಮಯ ಕೊಡುವ ಬಗೆ) ಹಚ್ಚಿದೆ. ಒಳಗಿನ ಒತ್ತಡ ಸೀಲಂಟನ್ನು ಗೋಡೆಗೆ ಒತ್ತುತ್ತದೆ, ಕೀಳುವುದಿಲ್ಲ. ಅರ್ಧ ಗಂಟೆಯ ಬಿ-1/2 ಬೇಡ, ಮೂಲೆಗೆ ಕೈ ಹೋಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ಓಡಾಡುವ ಕೇಬಲ್‌ಗಳ ಸೀಲಿಗೆ ಹಾಕುವ ಗ್ರೀಸ್ ವಿಷಯ ಮಾತ್ರ ನನ್ನ ಹತ್ತಿರವೇ ಇರಲಿ, ಅದನ್ನು ಕಂಡುಕೊಳ್ಳಲು ಒಂದು ಇಡೀ ಚಳಿಗಾಲ ಹೋಗಿದೆ.

ನಡುವೆ ಎರಡು ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ಕ್ಯಾಬಿನ್‌ಗೆ ಗಾಳಿ ಊದಿಸಿ ನೋಡಿದೆ. ಮೊದಲು ಗೇಜ್ ಅಲುಗಾಡುತ್ತಲೇ ಇರಲಿಲ್ಲ. ಸೀಲ್ ಮಾಡಿದ ಮೇಲೆ ಒಂದು ಪಿಎಸ್‌ಐ ದಾಟಿತು. ಸಾಬೂನು ನೀರು ಹಚ್ಚಿ ಉಳಿದ ಚಿಕ್ಕಪುಟ್ಟ ಜಾಗಗಳನ್ನು ಹಿಡಿಯಲು ಅಷ್ಟು ಸಾಕು. ಪೂರ್ತಿ ಪ್ರೆಷರ್ ಟೆಸ್ಟ್‌ಗೆ ಮಾತ್ರ ಸರಿಯಾದ ರಿಗ್ಗೇ ಬೇಕು, ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಸಮೇತ.

ಸೀಲಂಟ್, ಎಂಇಕೆ, ಬಾಡಿಗೆಯ ಅಲ್ಟ್ರಾಸಾನಿಕ್ ಡಿಟೆಕ್ಟರ್ ಎಲ್ಲ ಸೇರಿ 700 ಡಾಲರ್ ಆಗಿರಬೇಕು. ಬಾಗಿಲಿನದೇ ತಪ್ಪು ಎಂದು ಹಟ ಹಿಡಿದಿದ್ದ ಗೆಳೆಯ ಈಗ ತನ್ನ ವಿಮಾನದ ಹಿಂದಿನ ಸೀಟು ಬಿಚ್ಚುತ್ತಿದ್ದಾನೆ. ಡಿಟೆಕ್ಟರ್ ಕೊಡಿಸಿದ್ದು ನಾನೇ.