ಮನೆಮಾತನ್ನು ಹೊರಗೆ ಬಿಟ್ಟು ಬರಬೇಕಿಲ್ಲ

ಹಳೇ ಹುಬ್ಬಳ್ಳಿಯ ನಮ್ಮ ಅಂಗನವಾಡಿಗೆ ಬರುವ ಮಕ್ಕಳ ಮನೆಗಳಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ಲಂಬಾಣಿ, ತೆಲುಗು ಇವೆ. ಕಟ್ಟಡ ಕೆಲಸಕ್ಕೆಂದು ಉತ್ತರದಿಂದ ಬಂದವರ ಮನೆಗಳಲ್ಲಿ ಹಿಂದಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ಇಷ್ಟೂ ಮಾತುಗಳು ಒಂದೇ ಕೋಣೆಯಲ್ಲಿ ಕೂತಾಗ ದಾರಿಯನ್ನು ನಾವೇ ಕಂಡುಕೊಳ್ಳಬೇಕು.

"ಅಕ್ಕೋರೇ, ಇನ್ನು ಮನೆಯಲ್ಲೂ ಕನ್ನಡವನ್ನೇ ಆಡಬೇಕೇ?" ಎಂದು ತಾಯಂದಿರು ಕೇಳುತ್ತಾರೆ. ಬೇಡವೇ ಬೇಡ ಎನ್ನುತ್ತೇನೆ. ತಾಯಿಗೆ ಸಲೀಸಾಗಿ ಬರುವ ಮಾತಿನಲ್ಲೇ ಮಗು ಮುದ್ದು ಮಾಡಿಸಿಕೊಳ್ಳಬೇಕು, ಬೈಸಿಕೊಳ್ಳಬೇಕು, ಕತೆ ಕೇಳಬೇಕು. ಆ ಮಾತು ಗಟ್ಟಿಯಾದರೆ ಕನ್ನಡಕ್ಕೂ ಅದೇ ಬುನಾದಿ.

ಮಗುವನ್ನು ಸೇರಿಸಿಕೊಳ್ಳುವ ದಿನವೇ ನೀರು, ಹಸಿವು, ನೋವು, ಶೌಚ ಇವುಗಳಿಗೆ ಮನೆಯಲ್ಲಿ ಏನೆನ್ನುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಅಳುವ ಮಗುವಿಗೆ ಕನ್ನಡ ಕಲಿಸುವುದು ಸಲ್ಲದು. ಅದರ ಮಾತಿನಲ್ಲೇ ಸಮಾಧಾನ ಮಾಡಬೇಕು. ನಮ್ಮ ಸಹಾಯಕಿಯ ಮನೆಮಾತು ಉರ್ದು. ಅದೊಂದು ಎಷ್ಟು ಮಕ್ಕಳ ಅಳು ನಿಲ್ಲಿಸಿದೆಯೋ!

ಕೆಲವು ಮಕ್ಕಳು ಮೊದಮೊದಲು ವಾರಗಟ್ಟಲೆ, ಕೆಲವರಂತೂ ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ. "ಹೇಳು, ಹೇಳು" ಎಂದು ನಾನು ಪೀಡಿಸುವುದಿಲ್ಲ, ಏಕೆಂದರೆ ಆಗ ಅವರು ಕೇಳಿ ತುಂಬಿಕೊಳ್ಳುತ್ತಿರುತ್ತಾರೆ. ತಟ್ಟೆ ಹಂಚುವ, ಚಾಪೆ ಸುತ್ತುವ ಕೆಲಸ ಕೊಟ್ಟು ಪಕ್ಕದಲ್ಲೇ ಕೂತು ಮಾತಾಡುತ್ತೇನೆ: "ತಟ್ಟೆ ತಂದೆಯಾ? ಇದು ಯಾರಿಗೆ? ಇನ್ನೊಂದು ಬೇಕಲ್ಲವೇ?" ನನ್ನ ಮಟ್ಟಿಗೆ ಊಟದ ಹೊತ್ತಿಗಿಂತ ಒಳ್ಳೆಯ ಪಾಠವಿಲ್ಲ. ಅನ್ನ, ಸಾರು, ಮೊಟ್ಟೆ, ಬಿಸಿ, ಸಾಕು, ಇನ್ನೂ ಸ್ವಲ್ಪ: ದಿನವೂ ಅದೇ ಹೊತ್ತು, ಅದೇ ಶಬ್ದ, ಕಣ್ಣೆದುರಿಗೇ ಅದರ ಅರ್ಥ. ಒಂದು ದಿನ ಬಾಯಿಂದ "ಪಾನಿ ಬೇಕು" ಎಂದು ಬರುತ್ತದೆ. ಹೀಗೆ ಬೆರೆಸುವುದು ತಪ್ಪಲ್ಲ, ಎರಡು ಮಾತು ಕಲಿಯುವ ಮಕ್ಕಳ ಸಹಜ ರೀತಿ. "ನೀರು ಬೇಕೇ? ಬಾ, ನೀರು ಕುಡಿ" ಎಂದರೆ ಸಾಕು, ಬೇರೆ ತಿದ್ದುಪಡಿ ಬೇಡ.

ಆಗಾಗ ಅಜ್ಜಿಯರನ್ನು ಕರೆಸುತ್ತೇನೆ. ಲಂಬಾಣಿ ಅಜ್ಜಿ ಕೈಯಾಡಿಸುತ್ತ ಹಾಡಿದರೆ ಎಲ್ಲ ಮಕ್ಕಳೂ ಕೈಯಾಡಿಸುತ್ತಾರೆ. ಆಕೆಯ ಮೊಮ್ಮಗಳು ಅಂದು ಎದೆಯುಬ್ಬಿಸಿ ಕೂರುತ್ತಾಳೆ.

ಮಗುವಿಗೆ ಎಷ್ಟು ಶಬ್ದ ಬರುತ್ತವೆ ಎಂದು ನೋಡುವಾಗ ಎರಡೂ ಮಾತಿನವನ್ನು ಕೂಡಿಸಿ ಎಣಿಸಬೇಕು. ಆದರೆ ಎರಡು ವರ್ಷ ತುಂಬಿದ ಮೇಲೂ ಮನೆಮಾತಿನಲ್ಲೇ ಎರಡು ಶಬ್ದ ಜೋಡಿಸದ, ಕರೆದರೆ ತಿರುಗದ ಮಗುವಿದ್ದರೆ "ಎರಡು ಭಾಷೆ, ಅದಕ್ಕೇ ತಡ" ಎಂದು ಕಾಯಬಾರದು. ಎರಡು ಭಾಷೆಯಿಂದ ಮಾತು ನಿಲ್ಲುವುದಿಲ್ಲ, ಕಿವಿ ಕೇಳದಿದ್ದರೆ ನಿಲ್ಲುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಅಂಥ ಮಗುವನ್ನೇ ಮೊದಲು ತೋರಿಸಿ, ಶ್ರವಣ ಪರೀಕ್ಷೆಗೆ ಚೀಟಿ ಬರೆಸಿಕೊಳ್ಳುತ್ತೇನೆ.