ಎರಡು ಡೀಸೆಲ್ ಇಂಜಿನ್, ಒಂದು ಅಡುಗೆಮನೆ ತಕ್ಕಡಿ

ಬೆಳಗಾವಿ ಟಿಳಕವಾಡಿಯ ಎರಡನೇ ಗೇಟಿನಲ್ಲಿ ಗಾಡಿ ನೋಡುತ್ತಾ ಬೆಳೆದವನು ನಾನು. ಆಗಿನ ಡಬ್ಲ್ಯೂಡಿಎಂ-2 ಅನ್ನುವ ಡೀಸೆಲ್ ರೈಲು ಇಂಜಿನ್ನಿನ ಗುಡುಗುಡು ಇನ್ನೂ ಕಿವಿಯಲ್ಲಿದೆ. ಅದರ ಹೊಟ್ಟೆಯಲ್ಲಿದ್ದದ್ದು ಅಮೆರಿಕದ ಆಲ್ಕೋ ಕಂಪನಿ ರೂಪಿಸಿದ 16 ಸಿಲಿಂಡರಿನ 251 ಡೀಸೆಲ್ ಯಂತ್ರ. ಅದೇ ಸದ್ದಿನ ಆಸೆಗೆ ಬಿದ್ದು, ಅದೇ ಮನೆತನದ ಅಮೆರಿಕದ ಸಿ-424 ಇಂಜಿನ್ನಿನ, ಹಳಿಯ ಮೇಲೆ ಓಡುವ ಪುಟ್ಟ ಮಾದರಿ ತರಿಸಿದೆ. ಎಚ್‌ಒ ಅಳತೆ, ಅಂದರೆ 1:87. ಒಳಗೆ ಸೌಂಡ್ ಡಿಕೋಡರ್, ಅಂದರೆ ಮೋಟಾರ್ ನಡೆಸುತ್ತಾ ಇಂಜಿನ್ನಿನ ಸದ್ದು ಹೊರಡಿಸುವ ಪುಟ್ಟ ಸರ್ಕ್ಯೂಟ್. ಕಸ್ಟಮ್ಸ್ ಸೇರಿ 24,000 ರೂಪಾಯಿ ಆಯಿತು. ಮನೆಯಲ್ಲಿ ಪೂರ್ತಿ ರೇಟು ಹೇಳಲಿಲ್ಲ.

ಅದಕ್ಕೂ ಮೊದಲು ಜಿಪಿ38-2 ಅನ್ನುವ ಇನ್ನೊಂದು ಅಮೆರಿಕದ ಡೀಸೆಲ್ ಇಂಜಿನ್ನಿನ ಸೆಕೆಂಡ್‌ಹ್ಯಾಂಡ್ ಮಾದರಿಯನ್ನು 6,500ಕ್ಕೆ ತಗೊಂಡಿದ್ದೆ. ಅದಕ್ಕೆ ಸೌಂಡ್ ಇಲ್ಲ, ಆದರೆ ಗೇರಿನ ಕರಕರ ಭಾಳ. ಮೊದಲ ಸಲ ಓಡಿಸಿದಾಗ ಅವ್ವ ಒಳಗಿನಿಂದಲೇ ಕೇಳಿದಳು, "ಇಷ್ಟೊತ್ನ್ಯಾಗ ಮಿಕ್ಸರ್ ಯಾಕ ಹಚ್ಚೀಯೋ?"

ಎರಡನ್ನೂ ಅಡುಗೆಮನೆ ತಕ್ಕಡಿಯ ಮೇಲಿಟ್ಟೆ. ಅಗ್ಗದ್ದು 310 ಗ್ರಾಂ, ಆಲ್ಕೋ 420. ಏರಿನಲ್ಲಿ ಅಗ್ಗದ್ದು ಏಳು ಡಬ್ಬಿಗೇ ಚಕ್ರ ಜಾರಿಸಿತು, ಆಲ್ಕೋ ಹನ್ನೊಂದನ್ನು ಎಳೆಯಿತು. ಇಂಜಿನ್ ಹಗುರ ಇದ್ದರೆ ಹಳಿಯ ಮೇಲೆ ಹಿಡಿತ ಕಡಿಮೆ, ಅಷ್ಟೇ.

ನನಗೆ ಮುಖ್ಯ ಅನಿಸಿದ್ದು ನಿಧಾನದ ಓಟ. ಮಾದರಿಯ ಒಂದು ಅಡಿ ಅಂದರೆ ನಿಜದ 87 ಅಡಿ. ಆ ಒಂದು ಅಡಿ ದಾಟಲು ಒಂದು ನಿಮಿಷ ಹಿಡಿದರೆ ಗಂಟೆಗೆ ಸುಮಾರು 1.6 ಕಿ.ಮೀ. ವೇಗ. ಆಲ್ಕೋ 40 ಸೆಕೆಂಡಿನಲ್ಲಿ ತೆವಳಿತು. ಅಗ್ಗದ್ದು ಎಂಟು ಸೆಕೆಂಡಿಗಿಂತ ನಿಧಾನಕ್ಕೆ ಒಪ್ಪಲೇ ಇಲ್ಲ, ನಿಂತೇಬಿಟ್ಟಿತು. ಡಬ್ಬಿ ಜೋಡಿಸಿ ಬಿಡಿಸಿ ಶಂಟಿಂಗ್ ಮಾಡುವವರಿಗೆ ಇದು ತಲೆನೋವೇ ಅಲ್ವಾ?

ಸದ್ದಿನಲ್ಲಿ ಆಲ್ಕೋ ನಿರಾಸೆ ಮಾಡಲಿಲ್ಲ. ಥ್ರಾಟಲ್ ಕೊಟ್ಟರೆ ಮೊದಲು ಇಂಜಿನ್ ಏರುತ್ತದೆ, ಆಮೇಲೆ ಚಕ್ರ ತಿರುಗುತ್ತದೆ. ಆದರೆ ಬೆರಳುಗುರಿನಷ್ಟು ಸ್ಪೀಕರಿನಿಂದ ಎದೆ ನಡುಗಿಸುವ ಗುಡುಗು ಬರುವುದಿಲ್ಲ. ವಾಲ್ಯೂಮ್ ಅರ್ಧಕ್ಕೆ ಇಳಿಸಿದ ಮೇಲೆಯೇ ಕೇಳಲು ಹಿತವಾಯಿತು.

ಅಗ್ಗದ್ದಕ್ಕೂ ಡಿಕೋಡರ್ ಕೂಡಿಸೋಣ ಅಂತ ಲೆಕ್ಕ ಹಾಕಿದೆ. ಅದರ ಮೋಟಾರಿನ ಒಂದು ತುದಿ ಚಾಸಿಗೇ ತಗುಲಿಕೊಂಡಿದೆ. ಅದನ್ನು ಬಿಡಿಸದೆ ಕೂಡಿಸಿದರೆ ಡಿಕೋಡರ್ ಸುಟ್ಟುಹೋಗುತ್ತದೆ. ಸ್ಪೀಕರಿಗೂ ಗಾಳಿ ಸೋರದ ಪುಟ್ಟ ಡಬ್ಬಿ ಬೇಕು, ಇಲ್ಲದಿದ್ದರೆ ನೊಣದ ದನಿ. ಎಲ್ಲಾ ಸೇರಿ ಇನ್ನೊಂದು 11,000. ಅಷ್ಟು ಸುರಿದರೂ ಕೆಳಗೆ ಗೇರಿನ ಮಿಕ್ಸರ್ ಸದ್ದು ಹಾಗೇ ಇರುತ್ತದೆ. ಸುಮ್ನೆ ಬಿಟ್ಟೆ.

ಆಮೇಲೆ ಜುಲೈ ಬಂತು. ನಮ್ಮ ಊರಿನ ಮಳೆಗೆ ಅಟ್ಟದ ಮೇಲೆಲ್ಲಾ ತೇವ, ಹಳಿಯ ಮೇಲೆ ಕಪ್ಪು. ಆ ಕಪ್ಪಿನಿಂದ ಹಳಿಯ ಕರೆಂಟ್ ಅರೆಗಳಿಗೆ ತಪ್ಪಿದರೂ ಆಲ್ಕೋ ಗಪ್ಪಾಗಿ, ಮತ್ತೆ ಮೊದಲಿನಿಂದ ಸ್ಟಾರ್ಟ್ ಆಗುವ ಸದ್ದು ಶುರು ಮಾಡುತ್ತಿತ್ತು. ಜಿಪಿ38-2 ಮಾತ್ರ ಅದೇ ಹಳಿಯ ಮೇಲೆ ಒಂದು ಸಲ ಮುಗ್ಗರಿಸಿ ಮುಂದೆ ಹೋಯಿತು, ಕರಕರ ಅನ್ನುತ್ತಾ.